ವರ್ಕ್‌ಶಾಪ್ ಮಾಡೋ ಮೊದಲು ಮಳೆ ಬಗ್ಗೆ ಯೋಚಿಸಿ

ಜೀಪು ನಿಲ್ಲಿಸುವ ಶೆಡ್‌ನಲ್ಲೇ ಒಂದು ಮೂಲೆ ಬಿಡಿಸಿಕೊಂಡು ವರ್ಕ್‌ಶಾಪ್ ಮಾಡುವವರಿಗೆ ಒಂದು ಮಾತು. ಡ್ರಿಲ್, ಗ್ರೈಂಡರ್ ಲಿಸ್ಟ್ ಆಮೇಲೆ ಬರೆಯಿರಿ. ಮಡಿಕೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವವೇ ದೊಡ್ಡ ಶತ್ರು. ನಾನು ಪಶ್ಚಿಮದ ಗೋಡೆಗೆ ಹಲಗೆ ಹೊಡೆದು ಸ್ಪ್ಯಾನರ್‌ಗಳನ್ನೆಲ್ಲ ಚೆಂದವಾಗಿ ನೇತುಹಾಕಿದ್ದೆ, ಗಾಳಿಮಳೆ ಹೊಡೆಯುವುದೇ ಆ ಕಡೆಯಿಂದ ಅನ್ನೋದು ನೆನಪಿರಲಿಲ್ಲ. ಆಗಸ್ಟ್‌ಗೆ ಎಲ್ಲದರ ಮೇಲೂ ತುಕ್ಕಿನ ಕಂದು ಪುಡಿ, ಅಳತೆ ನೋಡುವ ವರ್ನಿಯರ್ ಕ್ಯಾಲಿಪರ್ ಅಲ್ಲಾಡಲೇ ಇಲ್ಲ!

ಈಗ ಎಲ್ಲ ಹಳೇ ಸ್ಟೀಲ್ ಬೀರುವಿನಲ್ಲಿದೆ. ಕೆಳಗಿನ ಖಾನೆ ಖಾಲಿ, ಅಲ್ಲಿ 40 ವಾಟ್‌ನ ಹಳೇ ತಂತಿ ಬಲ್ಬು ಉರಿಯುತ್ತದೆ. ಬಟ್ಟೆ, ಎಣ್ಣೆ ಅದರ ಹತ್ತಿರ ಇಡಬೇಡಿ. ಎಲ್‌ಇಡಿ ಹಾಕಿ ಪ್ರಯೋಜನವಿಲ್ಲ, ನಮಗೆ ಬೇಕಿರುವುದು ಬೆಳಕಲ್ಲ, ತೇವ ಓಡಿಸುವ ಶಾಖ ಅಲ್ವಾ. ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒಮ್ಮೆ ಒರೆಸಿಟ್ಟರೆ ಸಾಕು.

ಕರೆಂಟ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಮಳೆಗಾಲದಲ್ಲಿ ನೆಲ ಸದಾ ಒದ್ದೆ. ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್), ದೊಡ್ಡ ಮೆಷಿನ್‌ಗೆ 16 ಆಂಪಿಯರ್ ಸಾಕೆಟ್, ಇಷ್ಟು ಆಗಲೇಬೇಕು. ಕಳೆ ಕತ್ತರಿಸುವ ಮೆಷಿನ್‌ನ ಪೆಟ್ರೋಲ್ ಕ್ಯಾನ್ ಶೆಡ್‌ನಿಂದ ಹೊರಗೇ ಇರಲಿ, ಗ್ರೈಂಡರ್ ಕಿಡಿ ಎಲ್ಲಿಗೆ ಹಾರುತ್ತದೋ ಹೇಳೋಕಾಗಲ್ಲ.

ಬೆಂಚ್ ಎತ್ತರ ನಿಂತಾಗ ನಿಮ್ಮ ಮಣಿಕಟ್ಟಿನ ಮಟ್ಟಕ್ಕಿರಲಿ, ಕೆಲಸದ ತುಂಡನ್ನು ಬಿಗಿಯಾಗಿ ಹಿಡಿಯುವ ವೈಸ್ ಅನ್ನು ಬೆಂಚಿನ ಕಾಲಿನ ನೇರಕ್ಕೇ ಕೂರಿಸಿ. ನೂರು ಪೀಸಿನ ಅಗ್ಗದ ಕಿಟ್ ಸುಮ್ನೆ ದಂಡ. ಅದೇ ದುಡ್ಡಿಗೆ ಒಂದು ಒಳ್ಳೆ ವೈಸ್ ತಗೊಳ್ಳಿ.