14 ಗೆಲುವಿನ ತಂಡವನ್ನು ನಾನು ಓದಿದ ಬಗೆ

2023ರ ಡಿಸೆಂಬರ್ 26. ಮಗಳಿಗೆ ಕ್ರಿಸ್‌ಮಸ್ ರಜೆ. ಡೆಟ್ರಾಯ್ಟ್‌ನ ಲಿಟಲ್ ಸೀಸರ್ಸ್ ಅರೀನಾದಿಂದ ಇಬ್ಬರೂ ಹೊರಗೆ ಬಂದು ಚಳಿಯಲ್ಲಿ ಕಾರಿನ ಕಡೆ ನಡೆಯುವಾಗ ಅವಳು ಕೇಳಿದಳು: "ಅಪ್ಪ, ಕೇಡ್ 41 ಪಾಯಿಂಟ್ ಹೊಡೆದ್ನಲ್ಲ, ಆದ್ರೂ ಯಾಕೆ ಸೋತ್ರು?"

ಕೇಡ್ ಆಡುವ ಡೆಟ್ರಾಯ್ಟ್‌ನ ಬಾಸ್ಕೆಟ್‌ಬಾಲ್ ತಂಡ ಪಿಸ್ಟನ್ಸ್ ಆ ರಾತ್ರಿ ಬ್ರೂಕ್ಲಿನ್ ನೆಟ್ಸ್ ಎದುರು 118-112ರಲ್ಲಿ ಸೋತಿತ್ತು. ಸತತ 27ನೇ ಸೋಲು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಇತಿಹಾಸದಲ್ಲಿ ಒಂದೇ ಸೀಸನ್‌ನಲ್ಲಿ ಯಾವ ತಂಡವೂ ಸಾಲಾಗಿ ಅಷ್ಟು ಆಟ ಸೋತಿರಲಿಲ್ಲ. ತಂಡವನ್ನು ಮಾರಿಬಿಡಿ ಎಂದು ಜನ ಒಕ್ಕೊರಲಿನಿಂದ ಕೂಗುತ್ತಿದ್ದರು. ಮಗಳ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. "ನೋಡೋಣ ಕಂದ" ಎಂದೆ. ಮನೆಗೆ ಬಂದವನೇ ಒಂದು ನೋಟ್‌ಬುಕ್ ತೆಗೆದೆ. ಒಂದೂವರೆ ವರ್ಷ ಅದನ್ನು ತುಂಬಿಸಿದ ಕಥೆ ಇದು.

ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಆಡಿದವನು ನಾನು. ಈಗ ಮಿಶಿಗನ್‌ನಲ್ಲಿ ಕಾರಿನ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಈ ಕೆಲಸ ನನಗೆ ಮೊದಲು ಕಲಿಸಿದ್ದು ಒಂದು ಸಂಗತಿ. ಭಾಗದ ಅಳತೆ ತಪ್ಪಿ ಬಂದರೆ ಅದನ್ನು ತಿರಸ್ಕರಿಸುವ ಮೊದಲು, ಅದನ್ನು ಹಿಡಿದಿಟ್ಟ ಫಿಕ್ಸ್ಚರ್ ಸರಿಯಿದೆಯೇ ನೋಡಬೇಕು. ಫಿಕ್ಸ್ಚರ್ ಕೂದಲೆಳೆಯಷ್ಟು ವಾಲಿದ್ದರೂ ಒಳ್ಳೆಯ ಭಾಗ ಕೆಟ್ಟದ್ದೆಂದೇ ಕಾಣುತ್ತದೆ. ಪಿಸ್ಟನ್ಸ್ ಹುಡುಗರನ್ನು ನೋಡುವಾಗ ಅದೇ ಅನುಮಾನ ನನ್ನ ತಲೆಯಲ್ಲಿತ್ತು.

ನೋಟ್‌ಬುಕ್‌ನ ಮೊದಲ ಪುಟದಲ್ಲಿ ವಯಸ್ಸು ಬರೆದೆ. ಕೇಡ್ ಕನಿಂಗ್‌ಹ್ಯಾಮ್ 22, ಜೇಡನ್ ಐವಿ 21, ಜೇಲನ್ ಡ್ಯೂರನ್ 20, ಆಸಾರ್ ಥಾಂಪ್ಸನ್ 20. ಇದನ್ನು ಬರೆಯದೆ ಯಾವ ಎಳೆಯ ತಂಡವನ್ನೂ ಅಳೆಯಬಾರದು ಎಂಬುದು ನನ್ನ ಅಭಿಪ್ರಾಯ. ನಮ್ಮ ಕಡೆ ಇದು ಇನ್ನೂ ಡಿಗ್ರಿ ಮುಗಿಸುವ ವಯಸ್ಸು. ಇವರು ಮೂವತ್ತು ದಾಟಿದ ಗಟ್ಟಿಗರ ಎದುರು ವಾರಕ್ಕೆ ಮೂರು ನಾಲ್ಕು ರಾತ್ರಿ ನಿಲ್ಲಬೇಕು.

ಆಮೇಲೆ ಆಟಗಳನ್ನು ಧ್ವನಿ ಆರಿಸಿ ಮತ್ತೆ ನೋಡಲು ಶುರು ಮಾಡಿದೆ. ಕಾಮೆಂಟರಿ ಇದ್ದರೆ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡನ್ನು ಬಿಟ್ಟು ಮಿಕ್ಕವರ ಕಾಲು ನೋಡಬೇಕಿತ್ತು ನನಗೆ.

ಒಂದು ಪೊಸೆಷನ್ (ಚೆಂಡು ನಮ್ಮ ಕೈಗೆ ಬಂದು ಹೋಗುವವರೆಗಿನ ಆಟ) ಹೇಳುತ್ತೇನೆ. ಆ ಚಳಿಗಾಲದಲ್ಲಿ ಹೆಚ್ಚು ಕಡಿಮೆ ಹೀಗೆಯೇ ಇದ್ದದ್ದನ್ನು ನೂರಾರು ಸಲ ನೋಡಿದ್ದೇನೆ. ಕೇಡ್ ಮೇಲಿನಿಂದ ಚೆಂಡು ತರುತ್ತಾನೆ. ಡ್ಯೂರನ್ ಬಂದು ಸ್ಕ್ರೀನ್ ಕೊಡುತ್ತಾನೆ, ಅಂದರೆ ಕೇಡ್‌ನನ್ನು ಕಾಯುವವನಿಗೆ ಅಡ್ಡ ನಿಲ್ಲುತ್ತಾನೆ. ಕೇಡ್ ಅವನ ಭುಜ ಸವರಿಕೊಂಡು ಬಲಕ್ಕೆ ಇಳಿಯುತ್ತಾನೆ, ಡ್ಯೂರನ್ ಬುಟ್ಟಿಯ ಕಡೆ ಓಡುತ್ತಾನೆ. ಇಲ್ಲಿಯವರೆಗೆ ಎಲ್ಲ ಸರಿ. ಈಗ ಚಿತ್ರ ನಿಲ್ಲಿಸಿ ಎಡ ಮೂಲೆ ನೋಡಿ. ಅಲ್ಲಿ ಆಸಾರ್ ಒಬ್ಬನೇ ನಿಂತಿದ್ದಾನೆ. ಅವನನ್ನು ಕಾಯಬೇಕಾದವನು ಎರಡೂ ಕಾಲು ಪೇಂಟ್‌ನೊಳಗೆ (ಬುಟ್ಟಿಯ ಮುಂದಿನ ಬಣ್ಣ ಬಳಿದ ಚೌಕದೊಳಗೆ) ಇಟ್ಟು ಕೇಡ್‌ನ ದಾರಿಗೆ ಅಡ್ಡ ನಿಂತಿದ್ದಾನೆ. ಆ ಸೀಸನ್ ಆಸಾರ್‌ನ ಥ್ರೀ ಪಾಯಿಂಟ್ (ದೂರದ ಗೆರೆಯ ಆಚೆಯಿಂದ ಹೊಡೆಯುವ, ಮೂರು ಅಂಕದ) ಗುರಿ ಶೇ. 18.6. ಐದು ಹೊಡೆತಕ್ಕೆ ಒಂದೂ ಪೂರ್ತಿ ಬೀಳದವನನ್ನು ಬಿಟ್ಟುಬರಲು ಯಾವ ಎದುರಾಳಿಗೆ ಭಯ? ಕಿಲಿಯನ್ ಹೇಯ್ಸ್ ಇದ್ದಾಗ ಅವನನ್ನು ಕಾಯುವವನೂ ಹಾಗೇ ಒಳಗೆ ಸರಿಯುತ್ತಿದ್ದ. ಯಾರನ್ನೂ ಕಾಯದೆ ಪೇಂಟ್‌ನಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಎಂಬ ನಿಯಮವಿದೆ. ಅವರು ಒಂದು ಹೆಜ್ಜೆ ಹೊರಗೆ, ಒಂದು ಹೆಜ್ಜೆ ಒಳಗೆ ಇಡುತ್ತಾ ಅದನ್ನೂ ನಿಭಾಯಿಸುತ್ತಿದ್ದರು. ಕೇಡ್ ತಲೆಯೆತ್ತಿದರೆ ಎದುರಿಗೆ ಮೂರು ಜರ್ಸಿ. ಡ್ಯೂರನ್‌ಗೆ ಪಾಸ್ ಎಸೆಯುತ್ತಾನೆ, ಯಾರದೋ ಕೈ ಬೆರಳು ತಗಲುತ್ತದೆ. ಅಂಕಪಟ್ಟಿಯಲ್ಲಿ ಟರ್ನೋವರ್ (ಚೆಂಡು ಕಳೆದುಕೊಂಡ ಲೆಕ್ಕ) ಕೇಡ್ ಹೆಸರಿಗೆ ಬೀಳುತ್ತದೆ.

ಪ್ರತಿ ಸಲವೂ ಪೇಂಟ್‌ನೊಳಗಿನ ಎದುರಾಳಿಗಳನ್ನು ಎಣಿಸಿ ಗೀಟು ಎಳೆದೆ. ಮೂರು ಗೀಟು, ನಾಲ್ಕು ಗೀಟು. ಎರಡು ಬಂದ ದಿನ ಕೇಡ್ ದೇವರ ಹಾಗೆ ಆಡುತ್ತಿದ್ದ. ಜನವರಿ ಮುಗಿಯುವಷ್ಟರಲ್ಲಿ ಮಗಳ ಪ್ರಶ್ನೆಗೆ ನನ್ನ ಉತ್ತರ ಸಿದ್ಧವಾಗಿತ್ತು: "ಅವನಿಗೆ ಆಡೋಕೆ ಜಾಗವೇ ಇಲ್ಲ, ಪುಟ್ಟಾ."

ಎರಡನೇ ಕಾಲಂ ಕೊನೆಯ ಐದು ನಿಮಿಷದ್ದು. ಡಿಸೆಂಬರ್ 28ರಂದು ಬಾಸ್ಟನ್‌ನಲ್ಲಿ, ಆ ವರ್ಷ ಚಾಂಪಿಯನ್ ಆದ ತಂಡದ ಎದುರು, ಅರ್ಧ ಆಟದ ಹೊತ್ತಿಗೆ ಪಿಸ್ಟನ್ಸ್ 19 ಅಂಕ ಮುಂದಿದ್ದರು. ಕೊನೆಗೆ ಓವರ್‌ಟೈಮ್‌ನಲ್ಲಿ 128-122ಕ್ಕೆ ಸೋತರು. ಅದು 28ನೆಯದು. ಎರಡು ದಿನದ ಮೇಲೆ ಟೊರಾಂಟೊ ಎದುರು 129-127ರಲ್ಲಿ ಗೆದ್ದಾಗ ಊರೆಲ್ಲ ಕುಣಿಯಿತು. ನಾನು ಆ ಗೆಲುವಿಗೆ ಕಡಿಮೆ ತೂಕ ಕೊಟ್ಟೆ, ಏಕೆಂದರೆ ಟೊರಾಂಟೊ ಅದೇ ದಿನ ತನ್ನ ಪ್ರಮುಖ ಆಟಗಾರನನ್ನು ನ್ಯೂಯಾರ್ಕ್‌ಗೆ ಬಿಟ್ಟುಕೊಟ್ಟು ಅರೆಬರೆ ತಂಡದೊಂದಿಗೆ ಬಂದಿತ್ತು. ಬಾಸ್ಟನ್‌ನ ಸೋಲಿಗೇ ಹೆಚ್ಚು ಪುಟ ಕೊಟ್ಟೆ. ಈ ಹುಡುಗರಿಗೆ ಆಟ ಬರುತ್ತದೆ, ಮುಗಿಸುವುದು ಬರುವುದಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಗಿತ್ತು.

ಸೀಸನ್ 14-68ಕ್ಕೆ, ಅಂದರೆ 14 ಗೆಲುವು, 68 ಸೋಲಿಗೆ, ನಿಂತಿತು. 1989, 1990, 2004ರಲ್ಲಿ ಪ್ರಶಸ್ತಿ ಗೆದ್ದ ಈ ತಂಡದ ಇತಿಹಾಸದಲ್ಲೇ ಅತಿ ಕಳಪೆ ದಾಖಲೆ. ಕನ್ನಡ ಕೂಟದ ಗೆಳೆಯರೊಬ್ಬರು ಸಮಾಧಾನ ಹೇಳಿದರು: "ಬಿಡಿ ಸಾರ್, ಸೋತ್ರೆ ಡ್ರಾಫ್ಟ್‌ನಲ್ಲಿ ಮೊದಲನೇ ನಂಬರ್ ಸಿಗುತ್ತೆ." ಈ ಮಾತನ್ನು ಬಹಳ ಜನ ನಂಬುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಡ್ರಾಫ್ಟ್ ಅಂದರೆ ಪ್ರತಿ ವರ್ಷ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು; ಮೊದಲ ಸರದಿಗಳು ಯಾರಿಗೆ ಎಂಬುದು ಲಾಟರಿಯಲ್ಲಿ ತೀರ್ಮಾನ. 2019ರಲ್ಲಿ ಲಾಟರಿಯ ಲೆಕ್ಕ ಬದಲಾಗಿತ್ತು. ಆ ಲೆಕ್ಕದಲ್ಲಿ ಕೊನೆಯ ಮೂರು ತಂಡಗಳಿಗೂ ಮೊದಲ ಸ್ಥಾನ ಸಿಗುವ ಸಾಧ್ಯತೆ ಸಮಾನ, ತಲಾ ಶೇ. 14. ಕಟ್ಟಕಡೆಯ ತಂಡಕ್ಕೆ ಐದನೇ ಸ್ಥಾನ ಬರುವ ಸಾಧ್ಯತೆ ಶೇ. 47.9. ಅಂದರೆ ಎಲ್ಲರಿಗಿಂತ ಹೆಚ್ಚು ಸೋತವನಿಗೆ ಹೆಚ್ಚುಕಡಿಮೆ ಎರಡರಲ್ಲಿ ಒಂದು ಸಲ ಐದನೆಯ ಆಯ್ಕೆ. 2023ರಲ್ಲಿ, ಎಲ್ಲರೂ ಕಾದಿದ್ದ ಫ್ರಾನ್ಸ್‌ನ ಎತ್ತರದ ಹುಡುಗ ವೆಂಬನ್ಯಾಮ ಮೊದಲ ಆಯ್ಕೆಯಾಗಿ ಬಂದ ವರ್ಷ, 17-65ರ ಪಿಸ್ಟನ್ಸ್‌ಗೆ ಸಿಕ್ಕಿದ್ದು ಐದು. 2024ರಲ್ಲೂ ಐದು. ಸೋಲನ್ನೇ ಬಂಡವಾಳ ಮಾಡಿಕೊಂಡು ತಂಡ ಕಟ್ಟುತ್ತೇವೆ ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆ ಸೋಲುಗಳನ್ನು ಮೈಮೇಲೆ ಹೊತ್ತು ಬೆಳೆಯಬೇಕಾದವರು ಇಪ್ಪತ್ತರ ಹುಡುಗರು.

2024ರ ಬೇಸಿಗೆಯಲ್ಲಿ ಮೇಲಿನಿಂದ ಎಲ್ಲ ಬದಲಾಯಿತು. ಬಾಸ್ಕೆಟ್‌ಬಾಲ್ ವಿಭಾಗದ ಮುಖ್ಯಸ್ಥರಾಗಿ ಟ್ರಾಜನ್ ಲ್ಯಾಂಗ್ಡನ್ ಬಂದರು. ಆರು ವರ್ಷದ ಒಪ್ಪಂದದಲ್ಲಿ ಒಂದೇ ವರ್ಷ ಕಳೆದಿದ್ದ ಕೋಚ್ ಮಾಂಟಿ ವಿಲಿಯಮ್ಸ್ ಹೋಗಿ ಜೆ.ಬಿ. ಬಿಕರ್‌ಸ್ಟಾಫ್ ಬಂದರು. ಟೊಬಾಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಸೇರಿಕೊಂಡರು. ವಯಸ್ಸಾದವರನ್ನು ಯಾಕೆ ತಂದರು ಎಂದು ಬಹಳ ಜನ ಗೊಣಗಿದರು. ನನಗೆ ಮಾತ್ರ ಫಿಕ್ಸ್ಚರ್ ಸರಿಮಾಡುತ್ತಿದ್ದಾರೆ ಎನಿಸಿತು. ನೋಟ್‌ಬುಕ್‌ನಲ್ಲಿ "ಮುಂದಿನ ಸೀಸನ್: 28 ಗೆಲುವು" ಎಂದು ಬರೆದು ತಾರೀಕು ಹಾಕಿದೆ.

ಮೊದಲ ನಾಲ್ಕು ಆಟ ಸೋತರು. ಆದರೆ ಎಡ ಮೂಲೆಯನ್ನು ಈಗ ನೋಡಬೇಕಿತ್ತು. ಅದೇ ಸ್ಕ್ರೀನ್, ಅದೇ ಕೇಡ್, ಮೂಲೆಯಲ್ಲಿ ಮಾತ್ರ ಬೀಸ್ಲಿ. ಅವನನ್ನು ಕಾಯುವವನ ಕಾಲು ಗೆರೆಯಿಂದ ಒಂದು ಹೆಜ್ಜೆ ಒಳಗೆ ಬರುತ್ತಿಲ್ಲ. ಕೈ ಚಾಚಿ ಬೀಸ್ಲಿಯ ಜರ್ಸಿ ಮುಟ್ಟಿಕೊಂಡೇ ಇದ್ದಾನೆ. ಪೇಂಟ್‌ನಲ್ಲಿ ಎರಡು ಗೀಟು, ಕೆಲವೊಮ್ಮೆ ಒಂದೇ. ಡ್ಯೂರನ್ ಓಡಿಹೋಗಿ ಮೇಲೆ ಹಾರಿ ಚೆಂಡನ್ನು ಬುಟ್ಟಿಗೆ ತುರುಕಿ ಬರುತ್ತಾನೆ. ಬೀಸ್ಲಿ ಆ ಸೀಸನ್ 319 ಥ್ರೀ ಹೊಡೆದ. ಪಿಸ್ಟನ್ಸ್‌ನ ಹಳೆಯ ದಾಖಲೆ 211. ಕೇಡ್‌ನ ಸರಾಸರಿ 26.1 ಅಂಕ, 9.1 ಅಸಿಸ್ಟ್ (ಬುಟ್ಟಿಗೆ ದಾರಿಯಾದ ಪಾಸ್). ಡಿಸೆಂಬರ್ ಮುಗಿಯುವ ಹೊತ್ತಿಗೆ ಹಿಂದಿನ ಇಡೀ ವರ್ಷದ 14 ಗೆಲುವು ಕೈಗೆ ಬಂದಿತ್ತು. ಕೊನೆಗೆ 44-38.

28 ಎಲ್ಲಿ, 44 ಎಲ್ಲಿ! ನನ್ನ ಅಂದಾಜು ತಪ್ಪಿದ್ದು ಎಲ್ಲಿ ಎಂದು ಹಳೆಯ ಪುಟಗಳನ್ನು ತಿರುವಿದೆ. ಕಾರಣ ಸಿಕ್ಕಿತು. ನಾನು ಚೆಂಡು ನಮ್ಮ ಕೈಯಲ್ಲಿದ್ದಾಗಿನ ಜಾಗವನ್ನಷ್ಟೇ ಅಳೆದಿದ್ದೆ. ಎದುರಾಳಿ ಕೈಯಲ್ಲಿ ಚೆಂಡಿದ್ದಾಗ ಈ ಹುಡುಗರು ಹೇಗೆ ನಿಲ್ಲುತ್ತಾರೆ ಎಂಬುದಕ್ಕೆ ಕಾಲಂ ಇರಲಿಲ್ಲ. ಬಿಕರ್‌ಸ್ಟಾಫ್ ಮೊದಲು ಕೈಹಾಕಿದ್ದು ಅಲ್ಲಿಗೇ. ಶೂಟ್ ಮಾಡಲಾರ ಎಂದು ನಾನು ಕೆಂಪು ಗೀಟು ಹಾಕಿದ್ದ ಆಸಾರ್, ರಕ್ತ ಹೆಪ್ಪುಗಟ್ಟುವ ತೊಂದರೆಯಿಂದ ಚೇತರಿಸಿಕೊಂಡು ನವೆಂಬರ್‌ನಲ್ಲಿ ಮರಳಿದ ಮೇಲೆ, ಎದುರಾಳಿಯ ಅತ್ಯುತ್ತಮ ಆಟಗಾರನ ಮೈಗೆ ಅಂಟಿಕೊಂಡು ಕಾಡತೊಡಗಿದ. 19ರ ರಾನ್ ಹಾಲಂಡ್ ಬೆಂಚಿನಿಂದ ಬಂದು ಅದೇ ಕೆಲಸ ಮುಂದುವರಿಸಿದ. ಒಬ್ಬ ಹುಡುಗನನ್ನು ಅವನಿಗೆ ಬಾರದ ಒಂದೇ ವಿದ್ಯೆಯಿಂದ ನಾನು ಅಳೆದಿದ್ದೆ. ಅದು ತಪ್ಪು. ಈಗ ಪ್ರತಿ ಹೆಸರಿಗೂ ಎರಡು ಪುಟ ಇಟ್ಟಿದ್ದೇನೆ.

ಜನವರಿ 1ರಂದು ಐವಿಯ ಎಡಗಾಲಿನ ಮೂಳೆ ಮುರಿಯಿತು. ಚೆಂಡಿಗಾಗಿ ನುಗ್ಗಿದ ಎದುರಾಳಿ ಅವನ ಕಾಲ ಮೇಲೆ ಬಿದ್ದ. 30 ಆಟಗಳಲ್ಲಿ 17.6 ಅಂಕ, ಥ್ರೀಯಲ್ಲಿ ಶೇ. 40.9. ಅವನ ಬದುಕಿನ ಅತ್ಯುತ್ತಮ ಸೀಸನ್ ಆಗಬೇಕಿದ್ದದ್ದು ಅಲ್ಲಿಗೇ ನಿಂತಿತು. ಅವನು ನೆಲದ ಮೇಲೆ ಕೂಗಿದ್ದು ಟಿವಿಯಲ್ಲಿ ಕೇಳಿಸಿತು. ಆ ದಿನ ನಾನು ಏನೂ ಬರೆಯಲಿಲ್ಲ.

ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ನಂತರದ ನಾಕೌಟ್ ಸುತ್ತಿನಲ್ಲಿ, ಎದುರಾಳಿ ನ್ಯೂಯಾರ್ಕ್ ನಿಕ್ಸ್; ನಾಲ್ಕು ಆಟ ಮೊದಲು ಗೆದ್ದವರು ಮುಂದಕ್ಕೆ. ಮೊದಲ ಆಟದ ಕೊನೆಯ ಕ್ವಾರ್ಟರ್‌ನಲ್ಲಿ ನಿಕ್ಸ್ ಸಾಲಾಗಿ 21 ಅಂಕ ಹೊಡೆದು ಗೆದ್ದರು. ಎರಡನೆಯದನ್ನು ಪಿಸ್ಟನ್ಸ್ 100-94ರಲ್ಲಿ ಗೆದ್ದರು. 2008ರ ನಂತರ ಪ್ಲೇಆಫ್‌ನಲ್ಲಿ ಮೊದಲ ಗೆಲುವು. 15 ಸೋಲಿನ ಸರಪಣಿ ಕಳಚಿತು. ಮಗಳು ಸೋಫಾ ಹತ್ತಿ ಕುಣಿದಳು. ಆರನೇ ಆಟಕ್ಕೆ ಸರಣಿ ಮುಗಿಯಿತು. ಮೊದಲ ಆಟ ಬಿಟ್ಟು ಸೋತ ಇನ್ನು ಮೂರು ಆಟಗಳ ಅಂತರ ನೋಡಿ: 118-116, 94-93, 116-113. ಮೂರೂ ಸೇರಿ 6 ಅಂಕ. ಒಂದರಲ್ಲಿ ಕೊನೆಯ ಕ್ಷಣ ಹಾರ್ಡವೇ ಮೇಲೆ ಆದ ಫೌಲ್‌ಗೆ ಸೀಟಿ ಊದಲಿಲ್ಲ; ಊದಬೇಕಿತ್ತು ಎಂದು ರೆಫರಿಗಳೇ ಆಮೇಲೆ ಒಪ್ಪಿಕೊಂಡರು. ಅದನ್ನೇ ಹಿಡಿದು ಕೂತರೆ ಮೌಲ್ಯಮಾಪನ ಆಗುವುದಿಲ್ಲ. ಕೊನೆಯ ಐದು ನಿಮಿಷದ ಕಾಲಂನಲ್ಲಿ ಬಾಸ್ಟನ್‌ನ ಆ ರಾತ್ರಿ ಬರೆದ ಸಾಲೇ ಮತ್ತೆ ಬಂತು: ಚೆಂಡು ಇಡೀ ಹೊತ್ತು ಕೇಡ್ ಕೈಯಲ್ಲಿ, ಮಿಕ್ಕವರು ನಿಂತು ನೋಡುತ್ತಿದ್ದಾರೆ. ಆ ಸೀಸನ್ ಅವನ ಟರ್ನೋವರ್ ಸರಾಸರಿ 4.4. ಈ ಸಲ ಪೇಂಟ್‌ನಲ್ಲಿ ಜಾಗವಿತ್ತು, ಆದ್ದರಿಂದ ಅದರ ದೂರು ಹೇಳಲಾಗದು. ಚೆಂಡು ಹಿಡಿದು ಓಡಿಸಬಲ್ಲ ಇನ್ನೊಬ್ಬ ಬೇಕಿತ್ತು. ಆ ಇನ್ನೊಬ್ಬ ಐವಿ ಆಗಿದ್ದ.

2025ರ ಬೇಸಿಗೆಯಲ್ಲಿ ನಾನು ಮಾಡಿದ ಲೆಕ್ಕ ಬೇರೆ. 44 ಗೆಲುವಿನಲ್ಲಿ ಬೆಳೆಯುತ್ತಿರುವವರ ಪಾಲೆಷ್ಟು, ಒಂದು ವರ್ಷಕ್ಕೆಂದು ಬಂದುಹೋದವರ ಪಾಲೆಷ್ಟು? ಹಾರ್ಡವೇ ಡೆನ್ವರ್‌ಗೆ ಹೋದ. ಫೆಬ್ರವರಿಯಲ್ಲಿ ಬಂದ ಶ್ರೋಡರ್ ಸ್ಯಾಕ್ರಮೆಂಟೊಗೆ ಹೋದ. ಬೀಸ್ಲಿಯೂ ಉಳಿಯಲಿಲ್ಲ. ಡಂಕನ್ ರಾಬಿನ್ಸನ್, ಕ್ಯಾರಿಸ್ ಲವರ್ಟ್ ಬಂದರು. ಮೂಲೆಯ ಜಾಗವನ್ನು ರಾಬಿನ್ಸನ್ ಕಾಪಾಡುತ್ತಾನೆ ಎಂದುಕೊಂಡೆ. ಮಯಾಮಿಯಲ್ಲಿ ವರ್ಷಗಟ್ಟಲೆ ಮಾಡಿದ್ದು ಅದನ್ನೇ. ಆದರೆ ಎಷ್ಟು ವರ್ಷ ಅಂತ ಹೊರಗಿನಿಂದ ತರುವುದು? ಕೇಡ್‌ನ ಐದು ವರ್ಷದ ಒಪ್ಪಂದ 224 ಮಿಲಿಯನ್ ಡಾಲರ್‌ನದು. ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿಯಾದ ಆಲ್-ಎನ್‌ಬಿಎಯ ಮೂರನೇ ತಂಡಕ್ಕೆ ಆಯ್ಕೆಯಾದ್ದರಿಂದ ಅದು 269ಕ್ಕೆ ಏರಿತು. ಡ್ಯೂರನ್, ಐವಿ ಇಬ್ಬರ ಹೊಸ ಒಪ್ಪಂದದ ಹೊತ್ತೂ ಬಂದಿತ್ತು. ಗುರಿಕಾರರನ್ನು ಕೊಳ್ಳುವ ಹಣ ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಆ ಕೆಲಸ ಮನೆಯೊಳಗಿನವರೇ ಕಲಿಯಬೇಕು.

ಹೊಸ ನೋಟ್‌ಬುಕ್ ಬಂತು. ಮಗಳೇ ಗೆರೆ ಎಳೆದು ಕಾಲಂ ಮಾಡಿಕೊಟ್ಟಳು. ಮೊದಲ ಪುಟದಲ್ಲಿ ಅವಳ ಅಕ್ಷರದಲ್ಲಿ "ಆಸಾರ್, ಎಡ ಮೂಲೆ" ಎಂದಿದೆ. ಅದರ ಕೆಳಗೆ, ಅವನನ್ನು ಕಾಯುವವನು ಗೆರೆಯಿಂದ ಎಷ್ಟು ಹೆಜ್ಜೆ ಒಳಗಿದ್ದಾನೆ ಎಂದು ಬರೆಯಲು ಖಾಲಿ ಚೌಕಗಳು. ಆ ಅಕ್ಟೋಬರ್‌ನ ಮೊದಲ ಆಟಕ್ಕೆ ಇಬ್ಬರದೂ ಟಿಕೆಟ್ ತೆಗೆದೆ. ಈ ಸಲ ಎಡ ಮೂಲೆ ಸರಿಯಾಗಿ ಕಾಣುವ ಸೀಟು.