ಕೆರೆಯ ಅಳತೆ ರೆಕಾರ್ಡ್ ರೂಮಿನಲ್ಲಿದೆ, ಹುಡುಕುವುದು ಹೀಗೆ

ಕಣ್ಣಿಗೆ ನಮ್ಮೂರ ಕೆರೆ ಹತ್ತೆಕರೆ ಕಾಣುತ್ತಿತ್ತು. ದಾಖಲೆಯಲ್ಲಿ 14 ಎಕರೆ 20 ಗುಂಟೆ. ಮಿಕ್ಕಿದ ಜಾಗದಲ್ಲಿ ಟೊಮ್ಯಾಟೊ, ಹಿಪ್ಪುನೇರಳೆ. ನಮ್ಮ ಕೋಲಾರದ ಕಡೆ ಇದೇನೂ ಹೊಸದಲ್ಲ, ಅಲ್ವಾ? ಆದರೆ ಕೆರೆ ಕುಗ್ಗಿದರೆ ಮೀನಿನ ಹರಾಜಿನಲ್ಲಿ ಕೂಗುವವರಿಲ್ಲ, ಬೋರ್‌ವೆಲ್‌ ಬತ್ತುತ್ತದೆ, ತೋಟಕ್ಕೆ ಹೊಡೆಯಲು ಗೋಡೂ (ಕೆರೆಯ ಹೂಳುಮಣ್ಣು) ಇಲ್ಲ. ಎಲ್ಲ ಊರಿನ ದುಡ್ಡೇ. ಅದಕ್ಕೇ ಏಳೆಂಟು ಜನ ಸೇರಿ ಹಳೇ ಕಾಗದ ತೆಗೆಸಿದೆವು.

ಮೊದಲು ಸರ್ವೆ ನಂಬರ್. ಏರಿಯ ಮೇಲೆ ನಿಂತು ಫೋನಿನಲ್ಲಿ ದಿಶಾಂಕ್ ಆಪ್ ತೆರೆದರೆ ಕಾಣುತ್ತದೆ. ಗ್ರಾಮ ನಕ್ಷೆ ಭೂದಾಖಲೆಗಳ ಇಲಾಖೆಯ ವೆಬ್‌ಸೈಟಿನಲ್ಲಿದೆ. ಅದರಲ್ಲಿ ಕೆರೆಗೆ ನೀರು ತರುವ ಕಾಲುವೆ ಯಾವ ಹೊಲಗಳನ್ನು ಹಾದು ಬರುತ್ತದೆ ನೋಡಿ, ಆ ನಂಬರುಗಳನ್ನೂ ಬರೆದುಕೊಳ್ಳಿ. ನೀರಿನ ದಾರಿ ಮುಚ್ಚಿಹೋಗಿದ್ದರೆ ಕೆರೆ ಎಷ್ಟು ದೊಡ್ಡದಿದ್ದು ಏನು ಬಂತು?

ಆಮೇಲೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ನಾನು "ಕೆರೆ ದಾಖಲೆ ಕೊಡಿ" ಅಂತ ಬರೆದು ಮೂರು ಸಲ ಬರಿಗೈಲಿ ಬಂದೆ. ಹಾಗೆ ಕೇಳಿದರೆ ಯಾರೂ ಕೊಡುವುದಿಲ್ಲ, ಕಾಗದದ ಹೆಸರು ಹೇಳಬೇಕು. ಒಟ್ಟು ವಿಸ್ತೀರ್ಣ ಎಷ್ಟು, ಅದರಲ್ಲಿ ಸಾಗುವಳಿಗೆ ಬಾರದ ಖರಾಬು ಎಷ್ಟು ಅನ್ನುವುದು ಆಕಾರ್‌ಬಂದ್‌ನಲ್ಲಿರುತ್ತದೆ. ಕಂಪ್ಯೂಟರ್ ಪಹಣಿ ಭೂಮಿ ಯೋಜನೆ ಬಂದಮೇಲಿನದು. ಅದಕ್ಕೂ ಹಿಂದಿನದಕ್ಕೆ ಕೈಬರಹದ ಪಹಣಿ ಕೇಳಿ. ಟಿಪ್ಪಣಿಗೆ, ಅಂದರೆ ಅಳತೆ ಬರೆದ ಹೊಲದ ಕೈಚಿತ್ರಕ್ಕೆ, ಸರ್ವೆ ವಿಭಾಗಕ್ಕೆ ಹೋಗಿ. ಮೂರಕ್ಕೂ ದೃಢೀಕೃತ ನಕಲೇ ಇರಲಿ, ಮೊಬೈಲಿನಲ್ಲಿ ಹೊಡೆದ ಫೋಟೊ ಯಾವ ಮಾತುಕತೆಗೂ ನಿಲ್ಲುವುದಿಲ್ಲ. ತೀರಾ ಸತಾಯಿಸಿದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಲೇಬೇಕು.

ಟಿಪ್ಪಣಿ ನೋಡಿ ಹೆದರಬೇಡಿ. ಅದರಲ್ಲಿ ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಉದ್ದಗಲ ಒಂದೊಂದು ಸರಪಳಿ ಇದ್ದರೆ ಒಂದು ಗುಂಟೆ. ನಮ್ಮಲ್ಲಿ ಲೆಕ್ಕ ಹಾಕಿದ್ದು ಪಿಯುಸಿ ಓದುವ ಹುಡುಗಿ, ನಾವು ಹಗ್ಗ ಹಿಡಿದೆವು ಅಷ್ಟೇ.

ಇನ್ನೊಂದು. ಕಾಲುವೆ ಎಷ್ಟೋ ಕಡೆ ಖಾಸಗಿ ಸರ್ವೆ ನಂಬರಿನೊಳಗೇ ಇರುತ್ತದೆ. "ಪಹಣಿ ನನ್ನ ಹೆಸರಲ್ಲಿದೆ" ಅಂದವರಿಗೆ ಖರಾಬಿನ ಕಾಲಂ ತೋರಿಸಿ. ಎ ಖರಾಬು ಅವರದು. ಬಿ ಖರಾಬು ಊರಿನದು, ಅಂದರೆ ದಾರಿ, ಹಳ್ಳ, ಕಾಲುವೆ.

ನಕಲು ಕೈಗೆ ಬಂದಮೇಲೆ ಒತ್ತುವರಿ ಅಳೆಯಲು ತಹಶೀಲ್ದಾರರಿಗೆ ಅರ್ಜಿ ಕೊಡಿ. ಬೇಸಿಗೆಯಲ್ಲೇ ಅಳೆಸಿ. ಗಡಿ ಗುರುತಿಸಿದ ದಿನವೇ ಕಲ್ಲು ನೆಡಿಸಿ, ನಾಳೆ ಅಂದರೆ ಗುರುತು ಇರುವುದಿಲ್ಲ.

ನಮ್ಮಲ್ಲಿ ಟೊಮ್ಯಾಟೊ ಹಾಕಿದ್ದವರು ನನ್ನ ಚಿಕ್ಕಪ್ಪನೇ. ಕೊನೇ ಕಾಯಿ ಕೀಳುವವರೆಗೂ ಕಾದು ಜೆಸಿಬಿ ಕರೆಸಿದೆವು. ಮೊದಲ ಲೋಡ್ ಗೋಡು ಹೋಗಿದ್ದು ಅವರ ತೋಟಕ್ಕೇ.