ಎಂಬತ್ತು ದಿನದ ಕಾದಂಬರಿಗೆ ಎರಡು ಲೆಕ್ಕದ ಪುಸ್ತಕ: ನನ್ನ ಅನುಭವ

ಮೂರನೇ ಸಲಕ್ಕೆ ಕೈ ಹಿಡಿಯಿತು, ಅದಕ್ಕೇ ಬರೆಯುತ್ತಿದ್ದೇನೆ. ಜೂಲ್ ವೆರ್ನ್‌ನ ‘ಅರೌಂಡ್ ದ ವರ್ಲ್ಡ್ ಇನ್ ಎಯ್ಟಿ ಡೇಸ್’ ಕಾದಂಬರಿಯನ್ನು ನಮ್ಮೂರಿನ ಹೈಸ್ಕೂಲ್ ಮಕ್ಕಳ ಜೊತೆ ಓದಿ ಮುಗಿಸಿದೆ. 37 ಅಧ್ಯಾಯ, ಇಂಗ್ಲಿಷಿನಲ್ಲೇ, ಒಂದು ಪುಟವನ್ನೂ ಹಾರಿಸದೆ. ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ, ಹೆಚ್ಚುಕಡಿಮೆ ಐದು ತಿಂಗಳು. 11 ಮಕ್ಕಳು ಶುರು ಮಾಡಿದ್ದರು, 10 ಮಕ್ಕಳು ಕೊನೆ ಮುಟ್ಟಿದರು. ಟ್ಯೂಷನ್ ನಡೆಸುವ ಗೆಳತಿಯರೆಲ್ಲ ‘ಪರೀಕ್ಷೆಗೆ ಬರದ ಪುಸ್ತಕ, ಯಾರು ಕೂತು ಓದ್ತಾರೆ?’ ಅಂದಿದ್ದರು. ಓದಿದರು.

ಮೊದಲ ಬ್ಯಾಚ್‌ನಲ್ಲಿ ಡಿಕ್ಷನರಿ ಹಿಡಿದು ಸಾಲು ಸಾಲಾಗಿ ಹೋದೆ. ರಿಫಾರ್ಮ್ ಕ್ಲಬ್ಬು, ಊಟ, ಇಸ್ಪೀಟು ಅಂತ ಎಳೆದು, ಕಥಾನಾಯಕ ಫಿಲಿಯಾಸ್ ಫಾಗ್ ಲಂಡನ್ ಬಿಡುವ ಹೊತ್ತಿಗೆ 14 ಮಕ್ಕಳಲ್ಲಿ ಐವರು ಉಳಿದಿದ್ದರು. ಎರಡನೇ ಬ್ಯಾಚ್‌ಗೆ ಮಕ್ಕಳಿಗಾಗಿ ಚಿಕ್ಕದು ಮಾಡಿದ ಪುಸ್ತಕ ತಂದೆ. 12 ಪ್ರತಿ, ಒಂದಕ್ಕೆ 90 ರೂಪಾಯಿ ಇರಬೇಕು, ಸಾವಿರಕ್ಕೂ ಜಾಸ್ತಿ ಹೋಯಿತು. ನೋಡಿದರೆ ಅದರಲ್ಲಿ ತಾರೀಖುಗಳೇ ಇಲ್ಲ! ಈ ಕಾದಂಬರಿಯಿಂದ ತಾರೀಖು ತೆಗೆದರೆ ಉಳಿಯುವುದು ಬರೀ ಓಡಾಟ. ಆ 12 ಪ್ರತಿ ಅಟ್ಟದ ಮೇಲೆ ಕೂತಿವೆ. ಈ ಸಲ ಕಾಪಿರೈಟ್ ಮುಗಿದ ಹಳೆಯ ಅನುವಾದವನ್ನೇ ಇಳಿಸಿಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಮಗ್ಗುಲು ಪ್ರಿಂಟ್ ಹಾಕಿಸಿ ಸ್ಪೈರಲ್ ಮಾಡಿಸಿದೆ. ಪ್ರತಿಗೆ 200ರ ಆಸುಪಾಸು ಬಿತ್ತು. 35ನೇ ಅಧ್ಯಾಯದಿಂದ ಮುಂದಕ್ಕೆ ಸ್ಟೇಪ್ಲರ್ ಹೊಡೆದು ಮುಚ್ಚಿ ಕೊಟ್ಟೆ.

ಓದು ಶುರು ಮಾಡಿದ್ದು ಮೂರನೇ ಅಧ್ಯಾಯದಿಂದ, ಮೊದಲೆರಡನ್ನು ಆಮೇಲೆ ಓದಿದೆವು. 80 ದಿನದಲ್ಲಿ ಭೂಮಿ ಸುತ್ತಿ ಬರುತ್ತೇನೆ ಅಂತ ಫಾಗ್ ಪಂದ್ಯ ಕಟ್ಟುವುದು ಅಲ್ಲೇ. ಪತ್ರಿಕೆಯಲ್ಲಿ ಬಂದ ದಿನಗಳ ಪಟ್ಟಿಯೂ ಅಲ್ಲೇ ಇದೆ: ಲಂಡನ್‌ನಿಂದ ಸೂಯೆಜ್‌ಗೆ 7, ಬಾಂಬೆಗೆ 13, ಕಲ್ಕತ್ತಾಗೆ 3, ಹಾಂಗ್‌ಕಾಂಗ್‌ಗೆ 13, ಯೋಕೊಹಾಮಾಗೆ 6, ಸ್ಯಾನ್‌ಫ್ರಾನ್ಸಿಸ್ಕೊಗೆ 22, ನ್ಯೂಯಾರ್ಕ್‌ಗೆ 7, ವಾಪಸ್ ಲಂಡನ್‌ಗೆ 9. ಕೂಡಿಸಿ ನೋಡಿ ಅಂದೆ. ಸರಿಯಾಗಿ 80 ಬಂದಾಗ ಹಿಂದಿನ ಸಾಲಿನ ಹುಡುಗರೂ ತಲೆಯೆತ್ತಿದರು. ಆಮೇಲೆ ಪ್ರತಿಯೊಬ್ಬರಿಗೂ ಎರಡು ನೋಟ್‌ಬುಕ್ ಕೊಟ್ಟೆ. ಒಂದು ದಿನದ ಲೆಕ್ಕಕ್ಕೆ, ಒಂದು ದುಡ್ಡಿನ ಲೆಕ್ಕಕ್ಕೆ. ನನ್ನ ವಿಧಾನ ಅಂದರೆ ಇಷ್ಟೇ.

ದುಡ್ಡಿನ ಪುಸ್ತಕ ಓದನ್ನು ಎಳೆದುಕೊಂಡು ಹೋಗುತ್ತೆ. ಫಾಗ್‌ನ ಆಸ್ತಿ 40 ಸಾವಿರ ಪೌಂಡ್. ಅರ್ಧ ಪಂದ್ಯಕ್ಕೆ, ಅರ್ಧ ಚೀಲದಲ್ಲಿ. ಬಾಂಬೆಗೆ ಎರಡು ದಿನ ಮುಂಚೆಯೇ ಬರುತ್ತಾನೆ. ಆದರೆ ಅಲಹಾಬಾದಿಗೆ 50 ಮೈಲಿ ಮುಂಚೆ ರೈಲು ಹಳಿ ನಿಂತುಹೋಗುತ್ತೆ. ಅಲ್ಲಿ ಆನೆಯ ಚೌಕಾಸಿ ಶುರು. ಸಾವಿರ, 1200, 1500, 1800, ಕೊನೆಗೆ 2000 ಪೌಂಡ್. ಮಕ್ಕಳು ಒಂದೊಂದು ಅಂಕಿ ಬರೆದು ಹೊಡೆದುಹಾಕುತ್ತಾ ‘ಇನ್ನೂ ಕೊಡ್ತಾನಾ ಮಿಸ್?’ ಅಂತ ಕೇಳುತ್ತಿದ್ದರು. ಕಲ್ಕತ್ತಾದಲ್ಲಿ ಜಾಮೀನಿಗೆ ಇನ್ನೆರಡು ಸಾವಿರ. ಆಳು ಪಾಸ್‌ಪಾರ್ತು ಬೂಟು ಹಾಕಿಕೊಂಡು ಮಲಬಾರ್ ಹಿಲ್ ದೇವಸ್ಥಾನಕ್ಕೆ ನುಗ್ಗಿದ್ದರ ಬೆಲೆ ಅದು. ಅಟ್ಲಾಂಟಿಕ್‌ನಲ್ಲಿ ಹೆನ್ರಿಯೆಟ್ಟಾ ಹಡಗಿಗೆ 60 ಸಾವಿರ ಡಾಲರ್, ಆಗಿನ ಲೆಕ್ಕಕ್ಕೆ 12 ಸಾವಿರ ಪೌಂಡ್. ಖರ್ಚು 19 ಸಾವಿರದ ಹತ್ತಿರ ಅಂತ ಕೊನೆಯಲ್ಲಿ ಪುಸ್ತಕವೇ ಹೇಳುತ್ತೆ. ನಮ್ಮ ಮಕ್ಕಳ ಮೊತ್ತ 18 ಸಾವಿರ ದಾಟಿತ್ತು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಬೇಕಿರಲಿಲ್ಲ.

ಆ ಹಳಿಯ ವಿಷಯ ಹೇಳಲೇಬೇಕು. ಕಥೆ ನಡೆಯುವುದು 1872ರಲ್ಲಿ. ಬಾಂಬೆ–ಕಲ್ಕತ್ತಾ ಹಳಿ ಜಬಲ್ಪುರದ ಮೇಲೆ ಕೂಡಿದ್ದು 1870ರಲ್ಲೇ. ಅಂದರೆ ಆ 50 ಮೈಲಿ ತೂತು ವೆರ್ನ್ ಕೈಯಾರೆ ತೋಡಿದ್ದು. ತೂತಿಲ್ಲದಿದ್ದರೆ ಆನೆ ಇಲ್ಲ, ಔದಾ ಎಂಬ ಎಳೆ ವಿಧವೆಯನ್ನು ಗಂಡನ ಚಿತೆಯಿಂದ ಬಿಡಿಸುವುದೂ ಇಲ್ಲ. ಬಲೂನು ಯಾವಾಗ ಬರುತ್ತೆ ಅಂತಲೂ ಮಕ್ಕಳು ಕೇಳುತ್ತಿದ್ದರು. ಪುಸ್ತಕದಲ್ಲಿ ಫಾಗ್ ಬಲೂನು ಹತ್ತುವುದೇ ಇಲ್ಲ, 1956ರ ಸಿನಿಮಾದವರು ಹತ್ತಿಸಿದ್ದು. ಯೋಕೊಹಾಮಾಕ್ಕೆ ಹೋಗುವ ಹಡಗಿನ ಹೆಸರು ‘ಕರ್ನಾಟಿಕ್’ ಅಂತ ಬಂದಾಗ ಮಾತ್ರ ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ಅದೇ ಹೆಸರಿನ ನಿಜವಾದ ಹಡಗು 1869ರಲ್ಲೇ ಕೆಂಪು ಸಮುದ್ರದಲ್ಲಿ ಮುಳುಗಿತ್ತು.

ಈಗ ನಕ್ಷೆ. ಎರಡನೇ ಬ್ಯಾಚ್ ಕೆಟ್ಟಿದ್ದು ಪುಸ್ತಕದಿಂದ ಮಾತ್ರ ಅಲ್ಲ, ನಕ್ಷೆಯಿಂದಲೂ. ಅಂಗಡಿಯ ಗೋಡೆ ನಕ್ಷೆಯಲ್ಲಿ ಪೆಸಿಫಿಕ್ ಸಮುದ್ರ ಎರಡು ಹೋಳು. ಫಾಗ್‌ನ ದಾರಿ ತೋರಿಸಲು ಕಟ್ಟಿದ ದಾರ ಬಲತುದಿಗೆ ಬಂದಾಗ ಅದನ್ನು ಕಿತ್ತು ಎಡತುದಿಗೆ ಸಿಕ್ಕಿಸುತ್ತಿದ್ದೆವು. ಇಡೀ ಕಾದಂಬರಿಯ ಗುಟ್ಟು ಇರುವುದು ಆ ಎರಡು ಅಂಚಿನ ನಡುವೆ, ನಾವು ಅದನ್ನೇ ಹಾರಿಸಿಬಿಟ್ಟಿದ್ದೆವು. ಈ ಸಲ ಅದೇ ನಕ್ಷೆಯ ಇನ್ನೊಂದು ಪ್ರತಿ ತಂದೆ, 150 ರೂಪಾಯಿ. ಅಮೆರಿಕದ ಭಾಗ ಕತ್ತರಿಸಿ ಬಲಕ್ಕೆ ಅಂಟಿಸಿದೆ. ತಾರೀಖು ಬದಲಾಗುವ 180 ಡಿಗ್ರಿ ರೇಖೆ ಗೋಂದಿನ ಕೂಡುಗೆರೆಯ ಮೇಲೇ ಬಂತು. ಅದರ ಮೇಲೆ ಕೆಂಪು ಸ್ಕೆಚ್ ಪೆನ್ ಎಳೆದೆ, ಏನೂ ಹೇಳಲಿಲ್ಲ.

ನವೆಂಬರ್ 23ಕ್ಕೆ ಹಡಗು ಆ ಗೆರೆ ದಾಟುತ್ತೆ ಅಂತ ಪುಸ್ತಕ ಬಾಯಿಬಿಟ್ಟೇ ಹೇಳುತ್ತೆ. ಹೇಳಿ ಮುಂದಕ್ಕೆ ಹೋಗಿಬಿಡುತ್ತೆ. ಮುಂದಿನ ವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ದಿನದ ಪುಸ್ತಕ ಹಿಡಿದು ಬಂದಳು. ‘ಮಿಸ್, ಗೆರೆ ದಾಟಿದ ಮೇಲೆ ತಾರೀಖು ಒಂದು ಹಿಂದಕ್ಕೆ ಹೋಗಬೇಕಲ್ವಾ? ಇವನು ಹಾಗೇ ಬರೆದುಕೊಂಡು ಹೋಗ್ತಿದಾನೆ.’ ಡಿಸೆಂಬರ್ 3ರ ಕೆಳಗೆ ಪೆನ್ಸಿಲ್‌ನಲ್ಲಿ ಚಿಕ್ಕದಾಗಿ 2 ಅಂತ ಬರೆದಿದ್ದಳು. ಆಗಿನ್ನೂ ಅವಳು 24ನೇ ಅಧ್ಯಾಯದಲ್ಲಿದ್ದಳು! ಆ ಪೆನ್ಸಿಲ್ ಅಂಕಿಯ ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಅಲ್ಲಿಂದ ಮುಂದೆ ಜಗಳವೇ ಜಗಳ. ನ್ಯೂಯಾರ್ಕ್‌ಗೆ ಡಿಸೆಂಬರ್ 11ರ ರಾತ್ರಿ ಬಂದು, ಮುಕ್ಕಾಲು ಗಂಟೆ ತಡವಾಗಿ ಹಡಗು ತಪ್ಪಿಸಿಕೊಳ್ಳುತ್ತಾನೆ. ಫಾಗ್‌ನ 11 ಅಂದರೆ ಊರಿನವರಿಗೆ 10. 11ರ ಹಡಗು 10ಕ್ಕೇ ಹೇಗೆ ಹೊರಟಿತು? ಅಮೆರಿಕದಲ್ಲಿ ವಾರವಿಡೀ ರೈಲಿನಲ್ಲಿದ್ದವನು ಒಂದೇ ಒಂದು ಪೇಪರ್ ನೋಡಲಿಲ್ಲವಾ? ಇದು ಕಾದಂಬರಿಯ ನಿಜವಾದ ದೋಷ. ಮುಚ್ಚಿಡಬೇಡಿ, ಮಕ್ಕಳಿಗೆ ಅದೇ ರುಚಿ.

ಪೂರ್ವಕ್ಕೆ ಸುತ್ತಿ ಬಂದರೆ ಲೆಕ್ಕದಲ್ಲಿ ಒಂದು ದಿನ ಜಾಸ್ತಿ ಬರುತ್ತೆ ಅಂದರೆ ನಂಬದವರಿಗಾಗಿ ಹಿತ್ತಲಿನ ಬೇವಿನ ಮರದ ಹತ್ತಿರ ಒಂದು ಆಟ ಆಡಿಸಿದೆ. ಕೆಂಪು ಟವೆಲ್ ಹೊದ್ದ ಹುಡುಗ ಸೂರ್ಯ. ಅವನು ಮರದ ಸುತ್ತ ಹತ್ತು ಸುತ್ತು ಓಡುತ್ತಾನೆ. ಒಬ್ಬಳು ನಿಂತಲ್ಲೇ ನಿಂತು ಅವನು ಎಷ್ಟು ಸಲ ಎದುರಾದ ಅಂತ ಎಣಿಸಬೇಕು, ಅವಳು ಲಂಡನ್. ಇನ್ನೊಬ್ಬ ಎದುರು ದಿಕ್ಕಿನಲ್ಲಿ ನಿಧಾನ ಒಂದೇ ಸುತ್ತು ನಡೆಯುತ್ತಾ ಎಣಿಸಬೇಕು, ಅವನು ಫಾಗ್. ಲಂಡನ್‌ಗೆ 10, ಫಾಗ್‌ಗೆ 11. ಸೂರ್ಯನ ದಿಕ್ಕಿನಲ್ಲೇ ನಡೆದರೆ 9 ಬರುತ್ತೆ. 1522ರಲ್ಲಿ ಮೆಗೆಲನ್‌ನ ಜೊತೆಗಾರರು ಒಂದು ದಿನ ಕಳೆದುಕೊಂಡು ವಾಪಸ್ ಬಂದದ್ದು ಹೀಗೇ. ರೇಖಾಂಶದ ಒಂದು ಡಿಗ್ರಿಗೆ 4 ನಿಮಿಷ ವ್ಯತ್ಯಾಸ ಅನ್ನುವ ಲೆಕ್ಕವನ್ನು ಬೋರ್ಡಿನ ಮೇಲೆ ಎರಡು ವಾರ ಹೇಳಿಯೂ ಹತ್ತದೇ ಇದ್ದದ್ದು ಇಲ್ಲಿ ಹತ್ತು ನಿಮಿಷದಲ್ಲಿ ಹತ್ತಿತು.

72 ದಿನದಲ್ಲಿ ನಿಜವಾಗಿಯೇ ಸುತ್ತಿ ಬಂದ ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈಯ 1889ರ ಪಯಣವನ್ನೂ ಪಕ್ಕದಲ್ಲಿ ಇಟ್ಟು ನೋಡಿದೆ. ಸಮಯ ಸಾಲಲಿಲ್ಲ, ಅದಕ್ಕೆ ಬೇರೆ ಬ್ಯಾಚ್ ಬೇಕು.

ಗಡುವಿನ ದಿನವಾದ ಡಿಸೆಂಬರ್ 21ರ ಶನಿವಾರ ಐದು ನಿಮಿಷ ತಡವಾಗಿ ಲಂಡನ್ ಮುಟ್ಟಿ ಸೋತೆ ಅಂತ ಫಾಗ್ ಅಂದುಕೊಂಡಿರುವಾಗ, ಸ್ಟೇಪ್ಲರ್ ಪಿನ್ ಕೀಳುವ ಮೊದಲು ಕೈಯೆತ್ತಿಸಿದೆ. ಹತ್ತರಲ್ಲಿ ಏಳು ಮಕ್ಕಳು ‘ಫಾಗ್ ಗೆದ್ದ’ ಅಂದರು. ಇವತ್ತು ಶನಿವಾರ ಅಲ್ಲ, ಡಿಸೆಂಬರ್ 20ರ ಶುಕ್ರವಾರ ಅಂತ ಕಾರಣವನ್ನೂ ಕೊಟ್ಟರು.

ಕೊನೆಯ ಅಧ್ಯಾಯದಲ್ಲಿ, ಪಾಸ್‌ಪಾರ್ತು ಆರಿಸದೆ ಬಿಟ್ಟುಬಂದ ಗ್ಯಾಸ್ ದೀಪದ ದುಡ್ಡನ್ನು ಫಾಗ್ ಮುರಿದುಕೊಳ್ಳುತ್ತಾನೆ, 1920 ಗಂಟೆಯ ಲೆಕ್ಕ. ಪೆನ್ಸಿಲ್ ಹುಡುಗಿ ಅಲ್ಲೂ ಬಿಡಲಿಲ್ಲ. 1920 ಅಂದರೆ 80 ದಿನ. ದೀಪ ಎಲ್ಲಿಗೂ ಹೋಗಿಲ್ಲ, ಲಂಡನ್ನಿನಲ್ಲೇ ಉರಿದಿದೆ. ಅಲ್ಲಿ ಆಗಿದ್ದು 79 ದಿನ, 1896 ಗಂಟೆ. ದುಡ್ಡಿನ ಪುಸ್ತಕದ ಕೊನೆಯ ಸಾಲಿನಲ್ಲಿ ಅವಳು ಬರೆದಿದ್ದಳು: ‘ಪಾಸ್‌ಪಾರ್ತುಗೆ 24 ಗಂಟೆ ಗ್ಯಾಸಿನ ದುಡ್ಡು ವಾಪಸ್ ಬರಬೇಕು.’